ವೆಲ್ಲೂರಿನ ಡಾಕ್ಟರಮ್ಮ

ದೊಡ್ಡ ಕಾಯಿಲೆ ಅಂದ್ರೆ ವೆಲ್ಲೂರಿಗೆ ಕರ್ಕೊಂಡು ಹೋಗಿ ಅಂತ ಮನೇಲಿ ಹಿರಿಯರು ಹೇಳೋದನ್ನ ಕೇಳಿರ್ತೀರಿ. ಅಲ್ಲಿನ ಸಿಎಂಸಿಯನ್ನು ಕಟ್ಟಿದವರು ಐಡಾ ಸ್ಕಡರ್.

1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ್ದು. ಅಮೆರಿಕದ ಮಿಷನರಿ ವೈದ್ಯರ ಮನೆತನ. ಆದರೆ ಐಡಾಗೆ ಇಲ್ಲಿ ಉಳಿಯುವ ಮನಸ್ಸೇ ಇರಲಿಲ್ಲ. ಅಮೆರಿಕದಲ್ಲಿ ಓದುತ್ತಿದ್ದವರು ಅಮ್ಮನಿಗೆ ಹುಷಾರಿಲ್ಲವೆಂದು ತಿಂಡಿವನಂಗೆ ಬಂದಿದ್ದರು, ಅಷ್ಟೆ. ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಾಗಿಲು ತಟ್ಟಿದರು. ಮೂವರ ಹೆಂಡತಿಯರೂ ಹೆರಿಗೆ ಆಗದೆ ಒದ್ದಾಡುತ್ತಿದ್ದರು. ಅಪ್ಪ ಡಾಕ್ಟರು, ಬರಲು ತಯಾರಿದ್ದರು. ಆದರೆ ಗಂಡಸು ಮುಟ್ಟಬಾರದು! ಐಡಾಗೋ ವೈದ್ಯವೇ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ಹೆಂಗಸರು ಸತ್ತಿದ್ದರು.

ಐಡಾ ವಾಪಸ್ ಹೋಗಿ 1899ರಲ್ಲಿ ಕಾರ್ನೆಲ್‌ನಲ್ಲಿ ಡಾಕ್ಟರಾದರು. ನ್ಯೂಯಾರ್ಕಿನ ಬ್ಯಾಂಕರ್ ಒಬ್ಬರು ತಮ್ಮ ಹೆಂಡತಿಯ ನೆನಪಿಗೆ ಕೊಟ್ಟ 10,000 ಡಾಲರ್‌ನಿಂದ 1902ರಲ್ಲಿ ವೆಲ್ಲೂರಿನಲ್ಲಿ ಆಸ್ಪತ್ರೆ ಎದ್ದಿತು. ಆದರೆ ಒಬ್ಬ ಡಾಕ್ಟರಮ್ಮ ಎಷ್ಟು ಊರಿಗೆ ಸಾಕು? ಇಲ್ಲಿನ ಹೆಣ್ಣುಮಕ್ಕಳೇ ಡಾಕ್ಟರಾಗಬೇಕು ಅಂತ 1918ರಲ್ಲಿ ಶಾಲೆ ತೆರೆದರು. ಅದು ಎಲ್‌ಎಂಪಿ ಕೋರ್ಸು, ನಮ್ಮ ಭಾಷೇಲಿ ಹೇಳೋದಾದ್ರೆ ಡಿಪ್ಲೊಮಾ ಇದ್ದ ಹಾಗೆ. 1922ರಲ್ಲಿ ಮೊದಲ ಬ್ಯಾಚಿನ 14 ಹುಡುಗಿಯರು ಪಾಸಾಗಿ ಹೊರಬಂದರು.

ನಿಜವಾದ ಪರೀಕ್ಷೆ ಬಂದಿದ್ದು 1938ರಲ್ಲಿ. ಇನ್ನು ಡಿಪ್ಲೊಮಾ ನಡೆಯೋದಿಲ್ಲ, ವಿಶ್ವವಿದ್ಯಾಲಯದ ಡಿಗ್ರಿಯೇ ಬೇಕು ಅಂತ ಮದರಾಸು ಸರ್ಕಾರ ಹೇಳಿತು. ನಿಯಮ ತಪ್ಪೇನಲ್ಲ, ಅರೆಬರೆ ಕಲಿತವರ ಕೈಗೆ ರೋಗಿಗಳನ್ನು ಕೊಡೋಕಾಗಲ್ಲ. ಆದರೆ ಎಂಬಿಬಿಎಸ್ ಅಂದ್ರೆ ಲ್ಯಾಬು, ಇನ್ನಷ್ಟು ಹಾಸಿಗೆ, ಉನ್ನತ ಪದವಿ ಇರೋ ಪ್ರೊಫೆಸರುಗಳು. ದುಡ್ಡೆಲ್ಲಿ? ಎಪ್ಪತ್ತರ ವಯಸ್ಸಿನಲ್ಲಿ, 1941ರಲ್ಲಿ, ಯುದ್ಧ ನಡೀತಿರುವಾಗಲೇ ಐಡಾ ಅಮೆರಿಕಕ್ಕೆ ಹೋಗಿ ಊರೂರು ತಿರುಗಿ ಚಂದಾ ಎತ್ತಿದರು.

ಇನ್ನೊಂದು ಇಕ್ಕಟ್ಟೂ ಇತ್ತು. ಗಂಡುಮಕ್ಕಳಿಗೂ ಸೀಟು ಕೊಟ್ಟರೆ ಎಲ್ಲ ಮಿಷನ್‌ಗಳ ನೆರವು ಸಿಗುತ್ತಿತ್ತು. ಆದರೆ ಹೆಣ್ಣುಮಕ್ಕಳಿಗೆಂದೇ ಹಣ ಕೂಡಿಸಿ ಕೊಟ್ಟಿದ್ದ ಹಳೆಯ ಗೆಳತಿ ಲೂಸಿ ಪೀಬಾಡಿಗೆ ಅದು ದ್ರೋಹದ ಹಾಗೆ ಕಂಡಿತು. ಅವರ ಸಿಟ್ಟು ಸುಮ್ಮನೆ ಬಂದಿದ್ದಲ್ಲ ಅಂತ ನನಗನ್ನಿಸುತ್ತೆ. ಐಡಾ ಮಾತ್ರ ಕಾಲೇಜು ಮುಚ್ಚಿಹೋಗೋದಕ್ಕಿಂತ ಬಾಗಿಲು ಅಗಲ ಮಾಡೋದೇ ಸರಿ ಅಂದುಕೊಂಡರು.

1942ರಲ್ಲಿ ಎಂಬಿಬಿಎಸ್ ಶುರುವಾಯಿತು. 1947ರಲ್ಲಿ ಹುಡುಗರೂ ಸೇರಿದರು. ಅಷ್ಟರಲ್ಲಿ ಐಡಾ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದರು. ಸಂಸ್ಥೆಯ ಮೊದಲ ಭಾರತೀಯ ಮುಖ್ಯಸ್ಥರಾಗಿ ಬಂದವರು ಹೆಣ್ಣುಮಗಳೇ, ಡಾ. ಹಿಲ್ಡಾ ಲಾಜರಸ್. ಐಡಾ ಕೊಡೈಕನಾಲಿನ ಮನೆಯಲ್ಲಿ 1960ರ ಮೇ ತಿಂಗಳಲ್ಲಿ ತೀರಿಕೊಂಡರು.