ಗಾಜಿನ ಪೆಟ್ಟಿಗೆಗೆ ಸೇರದ ನೆನಪು



ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ಮಿಸ್ಸೌರಿ ಐತಿಹಾಸಿಕ ಸಂಘದ ಸಂಗ್ರಹದಲ್ಲಿ ಪದಕಗಳು, ಬಿನ್ನವತ್ತಳೆಗಳು, ದೇಶವಿದೇಶಗಳ ಕಾಣಿಕೆಗಳು ಸಾವಿರಾರು ಇವೆ. ಒಂದೇ ಒಂದು ಹಾರಾಟದ ಕೀರ್ತಿಗಾಗಿ ಇವು 25 ವರ್ಷದ ತರುಣರೊಬ್ಬರಿಗೆ ಬಂದವು. ಅವರೇ ಚಾರ್ಲ್ಸ್ ಲಿಂಡ್‌ಬರ್ಗ್.

1902ರಲ್ಲಿ ಜನಿಸಿದ ಲಿಂಡ್‌ಬರ್ಗ್ ಅಂಚೆ ಸಾಗಿಸುವ ವಿಮಾನದ ಪೈಲಟ್ ಆಗಿದ್ದರು. ತಾಯಿ ಶಾಲಾ ಶಿಕ್ಷಕಿ. ನ್ಯೂಯಾರ್ಕ್ ಮತ್ತು ಪ್ಯಾರಿಸ್ ನಡುವೆ ಎಲ್ಲಿಯೂ ಇಳಿಯದೆ ಹಾರಿದವರಿಗೆಂದು 1919ರಲ್ಲೇ 25,000 ಡಾಲರ್ ಬಹುಮಾನ ಘೋಷಣೆಯಾಗಿತ್ತು. 1927ರ ಮೇ 20ರ ಬೆಳಿಗ್ಗೆ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಒಬ್ಬರೇ ಹೊರಟರು. ರೇಡಿಯೋ ಇಲ್ಲ, ಪ್ಯಾರಾಚೂಟ್ ಇಲ್ಲ. ಆಹಾರವೆಂದರೆ ಐದು ಸ್ಯಾಂಡ್‌ವಿಚ್. ಮುಂದೆ ದೊಡ್ಡ ಪೆಟ್ರೋಲ್ ಟ್ಯಾಂಕ್ ಇದ್ದುದರಿಂದ ಎದುರಿನ ದಾರಿಯೂ ನೇರವಾಗಿ ಕಾಣುತ್ತಿರಲಿಲ್ಲ. ನಿದ್ದೆಯೊಡನೆ ಹೋರಾಡುತ್ತಾ ಸುಮಾರು 5,800 ಕಿಲೋಮೀಟರ್ ದೂರವನ್ನು ಮೂವತ್ತಮೂರೂವರೆ ಗಂಟೆಗಳಲ್ಲಿ ಕ್ರಮಿಸಿ, ಮರುದಿನ ರಾತ್ರಿ ಪ್ಯಾರಿಸ್‌ನಲ್ಲಿ ಇಳಿದರು. ನೆರೆದಿದ್ದ ಲಕ್ಷದಷ್ಟು ಜನರಲ್ಲಿ ಕೆಲವರು ನೆನಪಿಗೆಂದು ವಿಮಾನದ ಬಟ್ಟೆಯ ಹೊದಿಕೆಯನ್ನೇ ಹರಿದುಕೊಂಡರು!

ಆದರೆ ಅದೇ ಪ್ಯಾರಿಸ್‌ನಲ್ಲಿ ಒಬ್ಬ ತಾಯಿ ಕಣ್ಣೀರಿನಲ್ಲಿದ್ದರು. ಅವರ ಮಗ ನಂಜೆಸ್ಸೆರ್, ಸಂಗಡಿಗ ಕೋಲಿಯೊಡನೆ, ಅದೇ ಬಹುಮಾನಕ್ಕಾಗಿ ಮೇ 8ರಂದು ಪ್ಯಾರಿಸ್‌ನಿಂದ ಹಾರಿ ಕಣ್ಮರೆಯಾಗಿದ್ದರು. ಲಿಂಡ್‌ಬರ್ಗ್ ಬಂದಿಳಿದ ಮರುದಿನವೇ ಆ ತಾಯಿಯ ಮನೆಗೆ ಹೋಗಿ ಸಾಂತ್ವನ ಹೇಳಿದರು. ಊರೆಲ್ಲ ಜಯಘೋಷ ಮಾಡುತ್ತಿದ್ದಾಗ, ತನ್ನೊಡನೆ ಸ್ಪರ್ಧಿಸಿ ಸೋತವರ ಮನೆಯ ಬಾಗಿಲು ತಟ್ಟುವುದು ಸುಲಭವೇ?

ಐದು ವರ್ಷಗಳ ನಂತರ ಅದೇ ದುಃಖ ಅವರ ಮನೆಗೂ ಬಂತು. 1932ರ ಮಾರ್ಚ್ 1ರಂದು ಅವರ ಇಪ್ಪತ್ತು ತಿಂಗಳ ಗಂಡುಮಗುವನ್ನು ದುಷ್ಟರು ಅಪಹರಿಸಿದರು. ಮೇ ತಿಂಗಳಲ್ಲಿ ಅದರ ಶವ ಸಿಕ್ಕಿತು. ಪದಕಗಳ ರಾಶಿ ಆ ತಂದೆತಾಯಿಯನ್ನು ಸಂತೈಸಲಾರದಾಯಿತು.

ಲಿಂಡ್‌ಬರ್ಗ್ ಸಂತರೇನೂ ಅಲ್ಲ. 1941ರಲ್ಲಿ ಯೆಹೂದ್ಯರನ್ನು ದೂಷಿಸಿ ಮಾಡಿದ ಭಾಷಣ ಅವರ ಹೆಸರಿಗೆ ಅಳಿಸಲಾಗದ ಕಳಂಕ ತಂದಿತು. 1974ರಲ್ಲಿ ತೀರಿಕೊಂಡ ಅವರನ್ನು ಹವಾಯಿ ದ್ವೀಪಗಳ ಒಂದು ಪುಟ್ಟ ಚರ್ಚಿನ ಅಂಗಳದಲ್ಲಿ ಸರಳವಾಗಿ ಸಮಾಧಿ ಮಾಡಲಾಯಿತು.

ಅವರ ವಿಮಾನ ವಾಷಿಂಗ್‌ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ 1928ರಿಂದಲೂ ಭದ್ರವಾಗಿದೆ. ಆ ತಾಯಿಯ ಭೇಟಿಯನ್ನು ಮಾತ್ರ ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಡಲಾಗದು.

ನಿಮ್ಮ ಮನೆಯ ಷೋಕೇಸಿನಲ್ಲೂ ಮಕ್ಕಳು ಗೆದ್ದ ಕಪ್ಪುಗಳಿರಬಹುದು. ಸಂತೋಷಪಡಿ. ಆದರೆ ನಿಮ್ಮ ಮಗು ಗೆದ್ದ ದಿನ, ಸೋತ ಮಗುವಿನ ಮನೆಗೆ ಅದನ್ನು ಕರೆದುಕೊಂಡು ಹೋಗಿದ್ದೀರಾ?