ಡಾಕ್ಟರ್ ಜಾರ್ಜ್ ಪಾಪನಿಕೊಲಾವ್

ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಹಲವರು ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆಯಿಂದ ದುಡಿಮೆಯನ್ನರಸಿ ಪುಣೆಗೆ ಬಂದವರ ಮಕ್ಕಳು. ನಾವೂ ಹಾಗೆಯೇ ಬಂದವರು. ಪರಸ್ಥಳದಲ್ಲಿ ಕಾಲೂರುವ ಕಷ್ಟವನ್ನು ನಾವು ಬಲ್ಲೆವು. ಆದುದರಿಂದಲೇ, ತಾಯ್ನಾಡನ್ನು ಬಿಟ್ಟು ದೂರ ದೇಶಕ್ಕೆ ಹೋಗಿ, ಲಕ್ಷಾಂತರ ತಾಯಂದಿರ ಪ್ರಾಣವನ್ನುಳಿಸುವ ದಾರಿಯನ್ನು ಕಂಡುಹಿಡಿದ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಜಾರ್ಜ್ ಪಾಪನಿಕೊಲಾವ್ ಅವರು 1883ನೆಯ ಇಸವಿ ಮೇ 13ರಂದು ಗ್ರೀಸ್ ದೇಶದ ಕೀಮಿ ಎಂಬ ಊರಿನಲ್ಲಿ ಜನಿಸಿದರು. ತಂದೆ ವೈದ್ಯರು; ಮಗನೂ ತಮ್ಮಂತೆಯೇ ವೈದ್ಯವೃತ್ತಿಯನ್ನು ನಡೆಸಬೇಕೆಂಬುದು ಅವರ ಅಭಿಲಾಷೆ. ಜಾರ್ಜರು ಅಥೆನ್ಸ್ ನಗರದಲ್ಲಿ ಓದಿ 1904ರಲ್ಲಿ ವೈದ್ಯಪದವಿಯನ್ನು ಪಡೆದರೂ ಅವರ ಮನಸ್ಸು ಸಂಶೋಧನೆಯ ಕಡೆಗೇ ಹರಿಯಿತು. ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋಗಿ 1910ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಆಂಡ್ರೊಮಾಕಿ ಎಂಬ ಕನ್ಯೆಯನ್ನು ವಿವಾಹವಾದರು.

1913ರಲ್ಲಿ ದಂಪತಿಗಳು ಹಡಗನ್ನೇರಿ ಅಮೆರಿಕದ ನ್ಯೂಯಾರ್ಕಿಗೆ ಬಂದಿಳಿದರು. ಕೈಯಲ್ಲಿ ಹೆಚ್ಚು ಹಣವಿರಲಿಲ್ಲ, ಪರಿಚಯದವರೂ ಇರಲಿಲ್ಲ. ಎರಡು ಪದವಿಗಳನ್ನು ಪಡೆದ ಆ ವಿದ್ವಾಂಸರು ಹೊಟ್ಟೆಪಾಡಿಗಾಗಿ ದೊಡ್ಡ ಅಂಗಡಿಯೊಂದರಲ್ಲಿ ರತ್ನಗಂಬಳಿ ಮಾರಲು ನಿಂತರು. ಅವರ ಪತ್ನಿ ಅದೇ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದರು. ಮರುವರ್ಷ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಸ್ಥಾನ ದೊರೆಯಿತು. ಮುಂದೆ ಸುಮಾರು ಅರ್ಧ ಶತಮಾನ ಅವರು ಅಲ್ಲಿಯೇ ದುಡಿದರು.

ಮೊದಲು ಗಿನಿ ಹಂದಿಗಳೆಂಬ ಪುಟ್ಟ ಪ್ರಾಣಿಗಳ ಗರ್ಭಮಾರ್ಗದ ದ್ರವವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಅದರಲ್ಲಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಬಳಿಕ ಸ್ತ್ರೀಯರಲ್ಲಿಯೂ ಅದೇ ಪರೀಕ್ಷೆಯನ್ನು ಕೈಕೊಂಡರು. ಅವರ ಪತ್ನಿಯೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಪರೀಕ್ಷೆಗೆ ಒಳಗಾದರು. ಹೀಗೆ ನೋಡುತ್ತಿರಲು, ಗರ್ಭಕೋಶದ ಕೊರಳಿಗೆ ಅರ್ಬುದ, ಅಂದರೆ ಕ್ಯಾನ್ಸರ್ ರೋಗ ತಗುಲಿದ ಸ್ತ್ರೀಯರ ಜೀವಕೋಶಗಳು ವಿಕಾರವಾಗಿರುವುದು ಅವರಿಗೆ ಕಂಡುಬಂದಿತು. ಇದನ್ನು 1928ರಲ್ಲಿ ಒಂದು ಸಮ್ಮೇಳನದಲ್ಲಿ ತಿಳಿಸಿದರು. ಆದರೆ ಪಂಡಿತರು ಅದನ್ನು ಲಕ್ಷಿಸಲಿಲ್ಲ. ಅವರು ನೊಂದಿರಬಹುದು, ಆದರೆ ಕೆಲಸವನ್ನು ಬಿಡಲಿಲ್ಲ.

1939ರಿಂದ ಕಾಲ ಅನುಕೂಲವಾಯಿತು. ಹರ್ಬರ್ಟ್ ಟ್ರಾಟ್ ಎಂಬ ವೈದ್ಯರು ಜೊತೆಗೂಡಿದರು. ನ್ಯೂಯಾರ್ಕ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಯಾವ ಕಾಯಿಲೆಗಾಗಿ ಬಂದು ಸೇರಿದವರಿಗೂ ತಪ್ಪದೆ ಈ ಪರೀಕ್ಷೆಯನ್ನು ಮಾಡುವ ಏರ್ಪಾಡಾಯಿತು. ಯಾವ ಲಕ್ಷಣವೂ ಇಲ್ಲದವರಲ್ಲಿ ಕೂಡ ರೋಗವು ಅಡಗಿರುವುದು ಅದರಿಂದ ಸಿದ್ಧವಾಯಿತು. 1941ರಲ್ಲಿ ಲೇಖನವೂ 1943ರಲ್ಲಿ ಗ್ರಂಥವೂ ಪ್ರಕಟವಾದವು. ಅವರ ಹೆಸರಿನಿಂದಲೇ ಇದು ಪ್ಯಾಪ್ ಪರೀಕ್ಷೆಯೆಂದು ಪ್ರಸಿದ್ಧವಾಯಿತು. ಇದು ವ್ಯಾಪಕವಾಗಿ ಹಬ್ಬಿದ ದೇಶಗಳಲ್ಲಿ ಈ ರೋಗದ ಸಾವುಗಳು ಅರ್ಧಕ್ಕೂ ಕೆಳಗಿಳಿದವು. 1962ರ ಫೆಬ್ರವರಿ 19ರಂದು ಆ ಕರ್ಮಯೋಗಿಗಳು ದಿವಂಗತರಾದರು. ಗ್ರೀಸ್ ದೇಶವು 1995ರ ತನ್ನ ಹತ್ತುಸಾವಿರ ದ್ರಾಕ್ಮಾ ನೋಟಿನ ಮೇಲೆ ಅವರ ಚಿತ್ರವನ್ನು ಅಚ್ಚೊತ್ತಿ ಗೌರವಿಸಿತು.

ಈ ಚರಿತ್ರೆಯನ್ನು ನಾವು ಆರಿಸಿಕೊಂಡುದಕ್ಕೆ ನಮ್ಮ ಮನೆಯದೇ ಒಂದು ಕಾರಣವುಂಟು. ನಮ್ಮ ಸೋದರತ್ತೆಯವರು ಹೊಲದಲ್ಲಿ ಬಿದ್ದು ಕಾಲು ಮುರಿದುಕೊಂಡಾಗ, ಬದುಕಿನಲ್ಲಿ ಮೊದಲ ಬಾರಿಗೆ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು ಕಂಡರು. ಕಾಲಿಗೆ ಪಟ್ಟಿ ಕಟ್ಟಿದರು. ಬೇರೇನನ್ನೂ ಯಾರೂ ಕೇಳಲಿಲ್ಲ, ಸಂಕೋಚದಿಂದ ಅವರೂ ಹೇಳಲಿಲ್ಲ. ಮೂರು ವರ್ಷಗಳ ಮೇಲೆ ಇದೇ ರೋಗ ಪ್ರಕಟವಾದಾಗ ಕಾಲ ಮಿಂಚಿತ್ತು. ಈ ರೋಗವು ಬೆಳೆಯಲು ಸಾಮಾನ್ಯವಾಗಿ ಹತ್ತಾರು ವರ್ಷಗಳು ಬೇಕೆಂದು ನಾವು ಅನಂತರ ಓದಿ ತಿಳಿದೆವು. ಅಂದೇ ಯಾರಾದರೂ ಎರಡು ಮಾತು ಹೇಳಿ ಪರೀಕ್ಷೆಗೆ ಕಳುಹಿಸಿದ್ದರೆ ಎಂಬ ಕೊರಗು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ನಮ್ಮ ತಾಯಂದಿರು ಬಿದ್ದರೆ, ಸುಟ್ಟುಕೊಂಡರೆ, ಪ್ರಜ್ಞೆ ತಪ್ಪಿದರೆ ಮಾತ್ರ ಆಸ್ಪತ್ರೆಯ ಮೆಟ್ಟಿಲು ಹತ್ತುವರು. ಗಾಯಕ್ಕೆ ಮದ್ದು ಹಾಕಿದ ಬಳಿಕ ಇನ್ನೊಂದು ಮಾತನ್ನು ಕೇಳಲು ಅದಕ್ಕಿಂತ ತಕ್ಕ ಸಮಯವೆಲ್ಲಿ?

ಇದು ನಮ್ಮ ನೆಲದಲ್ಲಿ ಸಾಗದ ಮಾತಲ್ಲ. ಕನ್ನಡ ಗಡಿಗೆ ಹೊಂದಿದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಆಸ್ಪತ್ರೆಯೂ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವೂ ಕೂಡಿ, ಈಗ ಧಾರಾಶಿವವೆಂದು ಕರೆಯುವ ಉಸ್ಮಾನಾಬಾದ್ ಜಿಲ್ಲೆಯ 497 ಹಳ್ಳಿಗಳಲ್ಲಿ ಅಧ್ಯಯನ ನಡೆಸಿದವು. ಪಾಪನಿಕೊಲಾವ್ ಅವರ ಕಾಲಕ್ಕಿಂತ ಈಚಿನದಾದ, ರೋಗಕ್ಕೆ ಮೂಲವಾದ ವೈರಸ್ಸನ್ನು ಹುಡುಕುವ ಪರೀಕ್ಷೆಯನ್ನು ಒಮ್ಮೆ ಮಾಡಿದರೂ ಸಾವುಗಳು ಸುಮಾರು ಅರ್ಧಕ್ಕಿಳಿಯುವುವೆಂದು 2009ರಲ್ಲಿ ತೋರಿಸಿಕೊಟ್ಟವು. 2016ರಲ್ಲಿ ಭಾರತ ಸರಕಾರವು ಮೂವತ್ತು ವರ್ಷ ದಾಟಿದ ಸ್ತ್ರೀಯರಿಗೆ ಈ ರೋಗದ ತಪಾಸಣೆಯಾಗಬೇಕೆಂದು ಮಾರ್ಗಸೂಚಿಯನ್ನು ಹೊರಡಿಸಿತು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಓದಬಲ್ಲವರು ಬಹುಶಃ ನೀವೇ. ಈ ಪುಟವನ್ನು ಅವ್ವನಿಗೂ ಅಜ್ಜಿಗೂ ಓದಿ ಹೇಳಿರಿ. ಯಾವ ಕಾರಣಕ್ಕಾಗಿ ಆಸ್ಪತ್ರೆಗೆ ಹೋದರೂ ಈ ಪರೀಕ್ಷೆಯನ್ನು ಕೇಳಿಕೊಂಡು ಬರಲು ನೆನಪಿಸಿರಿ. ರತ್ನಗಂಬಳಿ ಮಾರಿದ ಆ ಮಹಾಪುರುಷರಿಗೆ ನಾವು ಸಲ್ಲಿಸಬಹುದಾದ ನಿಜವಾದ ವಂದನೆ ಇದೇ.