ಸೀಲ್ ಹ್ಯಾರಿಸ್

ಸೀಲ್ ಹ್ಯಾರಿಸ್ (1870–1957) ಅಮೆರಿಕ ಸಂಯುಕ್ತ ಸಂಸ್ಥಾನದ ವೈದ್ಯರು, ವೈದ್ಯಕೀಯ ಲೇಖಕರು. ಮಧುಮೇಹವಿಲ್ಲದವರಲ್ಲಿಯೂ ದೇಹದ ಸ್ವಂತ ಇನ್ಸುಲಿನ್ ಅತಿಯಾಗಿ ಸ್ರವಿಸಿ ರಕ್ತದ ಸಕ್ಕರೆ ಕುಸಿಯಬಹುದೆಂದು 1924ರಲ್ಲಿ ವಿವರಿಸಿದ್ದಕ್ಕಾಗಿ ಇವರು ಪ್ರಸಿದ್ಧರು.

ಜೀವನ

ಹ್ಯಾರಿಸ್ ಜಾರ್ಜಿಯಾ ರಾಜ್ಯದ ಸೀಡರ್‌ಟೌನ್‌ನಲ್ಲಿ ಜನಿಸಿದರು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪದವಿ ಪಡೆದು, ಅಲಬಾಮಾದ ಯೂನಿಯನ್ ಸ್ಪ್ರಿಂಗ್ಸ್‌ನಲ್ಲಿ ವೃತ್ತಿಯನ್ನು ಆರಂಭಿಸಿದರು. ಬಳಿಕ ಮೊಬೀಲ್ ನಗರದಲ್ಲಿ ಅಧ್ಯಾಪಕರಾಗಿದ್ದು, ಮುಂದೆ ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿ ಅಲ್ಲಿ ಚಿಕಿತ್ಸಾಲಯವನ್ನು ಸ್ಥಾಪಿಸಿದರು. ಸದರ್ನ್ ಮೆಡಿಕಲ್ ಜರ್ನಲ್‌ನ ಸಂಪಾದಕರಾಗಿಯೂ ಸೇವೆ ಸಲ್ಲಿಸಿದರು.

ಸಂಶೋಧನೆ

1921–22ರಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಸಂಗಡಿಗರು ಇನ್ಸುಲಿನನ್ನು ಬೇರ್ಪಡಿಸಿ ಚಿಕಿತ್ಸೆಗೆ ತಂದರು. ಅದರ ಪ್ರಮಾಣ ಹೆಚ್ಚಾದಾಗ ರೋಗಿಗಳಲ್ಲಿ ಹಸಿವು, ಬೆವರು, ನಡುಕ ಮತ್ತು ಆತಂಕ ಕಾಣಿಸುತ್ತಿದ್ದವು. ಇನ್ಸುಲಿನನ್ನು ಎಂದೂ ತೆಗೆದುಕೊಳ್ಳದ ಕೆಲವರಲ್ಲಿಯೂ ಇವೇ ಲಕ್ಷಣಗಳನ್ನು ಹ್ಯಾರಿಸ್ ಗುರುತಿಸಿದರು. ಅವರ ರಕ್ತದಲ್ಲಿ ಸಕ್ಕರೆ ಕಡಿಮೆಯಿತ್ತು. ಮೇದೋಜೀರಕ ಗ್ರಂಥಿಯ ಅತಿಸ್ರಾವವೇ ಇದಕ್ಕೆ ಕಾರಣವೆಂದು ತರ್ಕಿಸಿ, ಈ ಸ್ಥಿತಿಯನ್ನು ಹೈಪರ್‌ಇನ್ಸುಲಿನಿಸಂ ಎಂದು ಕರೆದರು. 1927ರಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ಇನ್ಸುಲಿನ್ ಸ್ರವಿಸುವ ಗಡ್ಡೆಯೊಂದು ಪತ್ತೆಯಾದಾಗ ಈ ತರ್ಕಕ್ಕೆ ಪುಷ್ಟಿ ದೊರೆಯಿತು.

ಊಟದ ನಂತರ ಸಾಮಾನ್ಯವಾಗಿ ನಾಲ್ಕು ಗಂಟೆಗಳೊಳಗೆ ಸಕ್ಕರೆ ಕುಸಿಯುವುದನ್ನು ಇಂದು ಪ್ರತಿಕ್ರಿಯಾತ್ಮಕ ಹೈಪೊಗ್ಲೈಸೀಮಿಯಾ ಎನ್ನುತ್ತಾರೆ. ಸಕ್ಕರೆ ಇಳಿದಾಗ ದೇಹವು ಅಡ್ರಿನಲಿನ್ ಸ್ರವಿಸುವುದರಿಂದ ಎದೆಬಡಿತ, ನಡುಕ ಮತ್ತು ಬೆವರು ಉಂಟಾಗುತ್ತವೆ. ಮಿದುಳು ಮುಖ್ಯವಾಗಿ ಗ್ಲೂಕೋಸನ್ನೇ ಅವಲಂಬಿಸಿರುವುದರಿಂದ ತಲೆಸುತ್ತು ಹಾಗೂ ಗೊಂದಲ ತಲೆದೋರುತ್ತವೆ. ಕುಸಿತ ತೀವ್ರವಾದರೆ ಪ್ರಜ್ಞೆ ತಪ್ಪಬಹುದು.

ಸಿಹಿ ಪದಾರ್ಥವು ತತ್ಕಾಲಕ್ಕೆ ಉಪಶಮನ ನೀಡಿದರೂ ಮತ್ತೆ ಇನ್ಸುಲಿನ್ ಸ್ರಾವವನ್ನು ಪ್ರಚೋದಿಸಬಲ್ಲದು. ಆದ್ದರಿಂದ ಹ್ಯಾರಿಸ್ ಸಕ್ಕರೆಯನ್ನು ಮಿತಗೊಳಿಸಿ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣುವ ಕ್ರಮವನ್ನು ಸೂಚಿಸಿದರು. ಈ ಕ್ರಮದ ಮುಖ್ಯ ಅಂಶಗಳು ಇಂದಿಗೂ ಬಳಕೆಯಲ್ಲಿವೆ.

ವಿಮರ್ಶೆ

ಹ್ಯಾರಿಸ್ ಅವರ ಕಾಲಾನಂತರ ಆಯಾಸ, ಖಿನ್ನತೆ ಮೊದಲಾದ ಅನೇಕ ತೊಂದರೆಗಳನ್ನು ಪರೀಕ್ಷೆಯಿಲ್ಲದೆಯೇ ಹೈಪೊಗ್ಲೈಸೀಮಿಯಾಕ್ಕೆ ಆರೋಪಿಸುವ ಪ್ರವೃತ್ತಿ ಬೆಳೆಯಿತು. 1973ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಸಂಘಗಳು ಜಂಟಿ ಹೇಳಿಕೆಯ ಮೂಲಕ ಇದರ ವಿರುದ್ಧ ಎಚ್ಚರಿಸಿದವು. ಲಕ್ಷಣಗಳು, ಆ ಹೊತ್ತಿನಲ್ಲಿಯೇ ಅಳೆದ ಕಡಿಮೆ ಸಕ್ಕರೆ, ಸಕ್ಕರೆ ಏರಿದಾಗ ಲಕ್ಷಣಗಳ ಶಮನ – ಈ ಮೂರೂ ಕೂಡಿದಾಗ ಮಾತ್ರ ಹೈಪೊಗ್ಲೈಸೀಮಿಯಾವನ್ನು ಖಚಿತಪಡಿಸಬಹುದು. ವಿಪಲ್ ತ್ರಯವೆಂದು ಹೆಸರಾದ ಈ ಮಾನದಂಡದಿಂದಾಗಿ, ಹ್ಯಾರಿಸ್ ಗುರುತಿಸಿದ ನೈಜ ಸ್ಥಿತಿಯನ್ನು ಕೇವಲ ಊಹೆಯಿಂದ ಪ್ರತ್ಯೇಕಿಸುವುದು ಸಾಧ್ಯವಾಯಿತು.

ಕೃತಿಗಳು ಮತ್ತು ಸ್ಮರಣೆ

ಹ್ಯಾರಿಸ್ ಅವರು ಬ್ಯಾಂಟಿಂಗ್ ಹಾಗೂ ಶಸ್ತ್ರವೈದ್ಯ ಜೆ. ಮೇರಿಯನ್ ಸಿಮ್ಸ್ ಅವರ ಜೀವನಚರಿತ್ರೆಗಳನ್ನು ಬರೆದಿದ್ದಾರೆ. 1949ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇವರಿಗೆ ವಿಶಿಷ್ಟ ಸೇವಾ ಪದಕವನ್ನು ನೀಡಿತು. ಮಧುಮೇಹವುಳ್ಳ ಮಕ್ಕಳಿಗಾಗಿ ಅಲಬಾಮಾದಲ್ಲಿ ನಡೆಯುವ ಶಿಬಿರವೊಂದು ಇವರ ಹೆಸರನ್ನು ಹೊಂದಿದೆ.